ಕಾಲೂರದೆ ನಂದಿ ಬೆಟ್ಟ

ನಮ್ಮ ಅಪ್ಪನಿಗೆ ಎರಡು ಕನ್ನಡ ಬರುತ್ತಿತ್ತು. ಆಫೀಸಿನಲ್ಲಿ, ರೇಷನ್ ಅಂಗಡಿಯಲ್ಲಿ, ರಾಜಾಜಿನಗರದ ನಮ್ಮ ಬೀದಿಯವರ ಜೊತೆ ಆಡುವುದು ಬೆಂಗಳೂರಿನ ಕನ್ನಡ. ಸಿಟ್ಟು ಬಂದರೆ ಮಾತ್ರ ದಾವಣಗೆರೆ ಕಡೆಯದು ಹೊರಗೆ ಬರುತ್ತಿತ್ತು. ಅದು ಕೇಳಿಸಿದ ತಕ್ಷಣ ಅಮ್ಮ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಸಿಟ್ಟು ತರಿಸಿದವರು ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ. ಬೆಂಗಳೂರಿಗೆ ಬಂದರೆ ನಮ್ಮ ಮನೆಯಲ್ಲೇ ಠಿಕಾಣಿ. ಬರುವಾಗ ಒಂದು ಚೀಲ ಮಂಡಕ್ಕಿ ತರುತ್ತಿದ್ದರು, ಜೊತೆಗೆ ಒಂದು ಗಂಡಿನ ವಿಷಯ. ಮಂಡಕ್ಕಿ ವಾರದಲ್ಲಿ ಖಾಲಿಯಾಗುತ್ತಿತ್ತು, ಗಂಡಿನ ವಿಷಯ ಮನೆಯಲ್ಲೇ ಉಳಿಯುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ ಜ್ಞಾನಭಾರತಿಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಗಿಟ್ಟಿಸಿಕೊಂಡಿದ್ದೆ. ಸಸ್ಯಶಾಸ್ತ್ರ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ, ಅಲ್ಲಿ ಆಗ ಕಟ್ಟಡಗಳಿಗಿಂತ ಲಂಟಾನ ಪೊದೆಯೇ ಜಾಸ್ತಿ. ಬಸ್ಸಿನಲ್ಲಿ ಹೋಗಬೇಕೆಂದರೆ ಮೊದಲು ಮೆಜೆಸ್ಟಿಕ್ಕು, ಅಲ್ಲಿಂದ ಮೈಸೂರು ರಸ್ತೆಯ ಬಸ್ಸು, ಇಳಿದ ಮೇಲೆ ಬಿಸಿಲಲ್ಲಿ ನಡಿಗೆ. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ವಾಪಸ್ ಬಸ್ಸು ಸಿಕ್ಕರೆ ಪುಣ್ಯ. ಆದರೆ ನನ್ನ ಹತ್ತಿರ ಒಂದು ಲೇಡೀಸ್ ಸೈಕಲ್ ಇತ್ತು. ವಿಜಯನಗರ, ಆರ್‌ಪಿಸಿ ಲೇಔಟ್, ನಾಯಂಡಹಳ್ಳಿ, ಅಲ್ಲಿಂದ ಮೈಸೂರು ರಸ್ತೆ ಹಿಡಿದರೆ ಜ್ಞಾನಭಾರತಿ. ಸೈಕಲ್ ಇದ್ದರೆ ಎಂ.ಎಸ್ಸಿ., ಇಲ್ಲದಿದ್ದರೆ ಇಲ್ಲ, ಅಷ್ಟೇ.

ದೊಡ್ಡಪ್ಪ ಆ ಸಲ ತಂದದ್ದು ಹಾವೇರಿಯ ಮೆಣಸಿನಕಾಯಿ ಮಂಡಿಯವರ ಮನೆಯ ಹುಡುಗನನ್ನು. ಹುಡುಗ ಒಳ್ಳೆಯವನಂತೆ, ಮನೆ ದೊಡ್ಡದಂತೆ. ಇರಬಹುದು. ನನಗೆ ಆಗ ಮೆಣಸಿನಗಿಡದ ಬೇರಿನ ಬಗ್ಗೆ ಆಸಕ್ತಿ ಇತ್ತೇ ಹೊರತು ಮಂಡಿಯ ಬಗ್ಗೆ ಇರಲಿಲ್ಲ. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಹಾಲಿನ ಬಾಗಿಲಲ್ಲಿ ನಿಂತಿದ್ದೆ.

"ನಾಯಂಡಹಳ್ಳಿ ದಾಟಿದ ಮ್ಯಾಲೆ ಏರು ಐತಿ, ನಾ ನೋಡೀನಿ," ಅಂದರು ದೊಡ್ಡಪ್ಪ. "ಏರಿನಾಗ ಹುಡುಗಿ ಸೈಕಲ್ ಇಳಿದು ತಳ್ಕೊಂಡು ಹೋಗ್ಬೇಕು. ಸುತ್ತ ಬರೇ ಪೊದಿ. ಆವಾಗ ಯಾರು ಬರ್ತಾರ ನಿನ್ನ ಮಗಳ ಹಿಂದ?"

"ಅವಳು ಇಳಿಯೋದಿಲ್ಲ," ಅಂದರು ಅಪ್ಪ. ಇನ್ನೂ ಬೆಂಗಳೂರಿನ ಕನ್ನಡದಲ್ಲೇ ಇದ್ದರು.

"ಹೆಣ್ಮಕ್ಕಳು ಏರಿನಾಗ ಇಳೀದೇ ಇರ್ತಾರೇನು?"

ಅಪ್ಪ ಲೋಟ ಕೆಳಗಿಟ್ಟರು. "ನಾಯಂಡಹಳ್ಳಿ ಏರು ಏನ್ ಹೇಳ್ತಿ? ನಂದಿ ಬೆಟ್ಟಾನ ಕಾಲು ಊರದಂಗ ಹತ್ತತಾಳ ನನ್ನ ಮಗಳು. ಹತ್ತಿದ್ರ ಓದ್ತಾಳ. ಒಂದು ಸಲ ಕಾಲು ನೆಲಕ್ಕ ಊರಿದ್ಲಂದ್ರ ನಿನ್ನ ಹಾವೇರಿ ಮನಿಗೆ ನಾನು ಹೂಂ ಅಂತೀನಿ."

ಒಳಗೆ ಅಡುಗೆಮನೆಯ ಬಾಗಿಲು ಕಿರುಗುಟ್ಟಿತು. ದೊಡ್ಡಪ್ಪ ನಕ್ಕು, "ನಾನು ಬರೋದು ಬ್ಯಾಡ. ನೀನು ನೋಡಿ ಬಂದು ಹೇಳು ಸಾಕು. ನಿನ್ನ ಮಾತು ಅಂದ್ರ ಮಾತು," ಎಂದರು. ಬೆಟ್ಟ ಹತ್ತಬೇಕಾದವಳನ್ನು ಯಾರೂ ಏನೂ ಕೇಳಲಿಲ್ಲ. ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಹಿಡಿ ಶಾಪ ಬಾಯಿಗೆ ಬಂದಿತ್ತು, ಯಾರಿಗೆ ಹಾಕುವುದೆಂದು ತಿಳಿಯಲಿಲ್ಲ.

ಅಪ್ಪನ ಮಾತಿನ ತೂಕ ನಮ್ಮ ಬೀದಿಗೇ ಗೊತ್ತಿತ್ತು. ಹಿಂದೊಮ್ಮೆ ಯುಗಾದಿಯೊಳಗೆ ನಮ್ಮ ನಲ್ಲಿಗೆ ನೀರು ಬಂದರೆ ಮೀಸೆ ತೆಗೆಸುತ್ತೇನೆಂದು ಪಕ್ಕದ ಮನೆಯವರ ಹತ್ತಿರ ಬಾಯಿಬಿಟ್ಟಿದ್ದರು. ಹಬ್ಬದ ಹಿಂದಿನ ದಿನ ನಲ್ಲಿ ಗೊರಗೊರ ಅಂದಿತು. ಅಪ್ಪ ನೇರ ಕ್ಷೌರದಂಗಡಿಗೆ ಹೋದರು. ಮೀಸೆ ಮತ್ತೆ ಬೆಳೆಯುವ ತನಕ ಆಫೀಸಿನಲ್ಲಿ ಯಾರನ್ನೂ ಬೈಯಲಿಲ್ಲವಂತೆ, ಬೈದರೆ ಅವರು ನಗುತ್ತಿದ್ದರಂತೆ. ಇಂಥ ಮನುಷ್ಯನನ್ನು ಕಾಡಿ ಬೇಡಿ ಮಾತು ವಾಪಸ್ ತೆಗೆಸುವುದು ಆಗದ ಹೋಗದ ಕೆಲಸ. ಹಾಗಾಗಿ ಬೆಟ್ಟ ಹತ್ತುವುದೇ ಸುಲಭ ಎಂದು ತೀರ್ಮಾನಿಸಿದೆ.

ಅಭ್ಯಾಸ ಶುರುವಾಯಿತು. ಬೆಳಗಿನ ಜಾವ ಬಸವೇಶ್ವರನಗರದ ಏರು, ಮಹಾಲಕ್ಷ್ಮಿ ಲೇಔಟಿನ ಗುಡಿಯ ಏರು, ಮತ್ತೆ ಬಸವೇಶ್ವರನಗರ. ಹಾಲಿನವರು ಕ್ಯಾನು ಕಟ್ಟಿಕೊಂಡು ಏರು ಹತ್ತುವ ರೀತಿಯನ್ನು ಅಪ್ಪ ಹೇಳಿಕೊಟ್ಟರು. ನೇರ ಹೋಗಬಾರದು, ರಸ್ತೆಯ ಆ ಅಂಚಿನಿಂದ ಈ ಅಂಚಿಗೆ, ಈ ಅಂಚಿನಿಂದ ಆ ಅಂಚಿಗೆ ಹಾವಿನ ಹಾಗೆ ಹೋಗಬೇಕು. ಸೀಟಿನಿಂದ ಎದ್ದು ತುಳಿಯುವುದು ಕೊನೆಯ ಉಪಾಯ. ಆರ್‌ಪಿಸಿ ಲೇಔಟಿನ ಸೈಕಲ್ ಶಾಪಿಗೆ ಅವರೇ ಕರೆದುಕೊಂಡು ಹೋಗಿ, ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿಸಿದರು. ತುಳಿಯುವುದು ಹಗುರವಾಯಿತು, ವೇಗ ಎಮ್ಮೆಯದಾಯಿತು. ಅಮ್ಮ ತನ್ನ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ನನಗೊಂದು ಚೂಡಿದಾರ ಹೊಲಿದಳು. ಸೆರಗಿನ ಕೆಂಪು ಅಂಚು ಎರಡೂ ಪಾದದ ಹತ್ತಿರ ಬಂದು, ನೋಡಿದವರಿಗೆ ಬ್ಯಾಂಡ್‌ಸೆಟ್ಟಿನವಳ ಹಾಗೆ ಕಾಣುತ್ತಿದ್ದೆ.

ಹೊರಟ ಭಾನುವಾರ ಬೆಳಗಿನ ಜಾವ ನಲ್ಲಿಯಲ್ಲಿ ನೀರಿಲ್ಲ. ಹಂಡೆಯಲ್ಲಿ ಒಬ್ಬರ ಸ್ನಾನಕ್ಕಾಗುವಷ್ಟು ಉಳಿದಿತ್ತು. ಅಪ್ಪ ಅದನ್ನು ನನಗೆ ಬಿಟ್ಟರು. ಇಲ್ಲೊಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಇಷ್ಟಲಿಂಗವನ್ನು ಕರಡಿಗೆಯೆಂಬ ಪುಟ್ಟ ಡಬ್ಬಿಯಲ್ಲಿಟ್ಟು ಎದೆಯ ಮೇಲೆ ಕಟ್ಟಿಕೊಂಡಿರುತ್ತೇವೆ. ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆ ಮಾಡಿದ ಮೇಲೇ ಬಾಯಿಗೆ ಏನಾದರೂ. ನನ್ನ ಪೂಜೆ ಬಸ್ಸು ಹಿಡಿಯುವವರ ಪೂಜೆ, ಶುರುವಾಗುವುದೂ ಮುಗಿಯುವುದೂ ಒಟ್ಟಿಗೇ. ಅಪ್ಪನದು ಹಾಗಲ್ಲ. ಅವರು ಕೂತರೆ ಅಮ್ಮ ಕುಕ್ಕರ್ ಇಟ್ಟು, ಇಳಿಸಿ, ಒಗ್ಗರಣೆಯನ್ನೂ ಮುಗಿಸುತ್ತಿದ್ದಳು. ಪೂಜೆಯಾಗುವ ತನಕ ಅವರು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ, ಜ್ವರ ಬಂದಾಗಲೂ.

"ಬೆಟ್ಟದ ಬುಡದಲ್ಲೇ ನಂದೀಶ್ವರನ ಗುಡಿ ಇದೆ. ದೊಡ್ಡ ಕಲ್ಯಾಣಿ. ಅಲ್ಲಿ ಸ್ನಾನ ಮಾಡಿ, ಪೂಜೆ ಮಾಡ್ಕೊಂಡು, ತಿಂಡಿ ತಿಂದು ಹತ್ತೋಣ," ಅಂದರು ಅಪ್ಪ. ಶಿವನ ಗುಡಿಯ ಕಲ್ಯಾಣಿಯಲ್ಲಿ ಸ್ನಾನ ಎಂಬ ಯೋಚನೆಗೇ ಅವರ ಮುಖ ಅರಳಿತ್ತು. ವಿಭೂತಿ, ಚಿಕ್ಕ ಚೊಂಬು, ಒಣಗಿದ ಪಂಚೆ ಅವರ ಸೈಕಲ್ಲಿನ ಚೀಲದಲ್ಲಿ. ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ ನನ್ನ ಕ್ಯಾರಿಯರಿನ ಬುಟ್ಟಿಯಲ್ಲಿ. ಯಶವಂತಪುರ, ಹೆಬ್ಬಾಳ, ಯಲಹಂಕ. ರಸ್ತೆ ಸಪಾಟು, ಗಾಳಿ ತಂಪು, ದ್ರಾಕ್ಷಿ ತೋಟಗಳ ಪಕ್ಕ ಹೋಗುವಾಗ ಇಬ್ಬರೂ ಹಾವೇರಿಯನ್ನು ಮರೆತೇಬಿಟ್ಟಿದ್ದೆವು. ದೇವನಹಳ್ಳಿ ದಾಟಿದ ಮೇಲೆ ಬೆಟ್ಟ ಕಂಡಿತು. ಹಾವೇರಿ ಮತ್ತೆ ನೆನಪಾಯಿತು.

ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಅಪ್ಪ ಕಲ್ಯಾಣಿಗೆ ದಾರಿ ಕೇಳಿದರು.

"ಆ ದೇವಸ್ಥಾನವಾ? ಅದು ಬೆಟ್ಟದ ಆ ಕಡೆ ಸಾರ್," ಅಂದ ಅಂಗಡಿಯವನು. "ಸುತ್ತು ಹಾಕ್ಕೊಂಡು ಹೋಗ್ಬೇಕು. ಬೆಟ್ಟ ಹತ್ತೋರಿಗೆ ಇದೇ ದಾರಿ."

ಅಪ್ಪ ಬೆಟ್ಟವನ್ನು ನೋಡಿದರು. ಅಷ್ಟು ದೊಡ್ಡ ಬೆಟ್ಟಕ್ಕೆ ಎರಡು ಬುಡ ಇರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಅಂಗಡಿಯ ಪಕ್ಕದಲ್ಲೇ ಒಂದು ನಲ್ಲಿ ಸುರಿಯುತ್ತಿತ್ತು. ಅದನ್ನು ತೋರಿಸಿದೆ.

"ರಸ್ತೆ ಬದೀಲಿ ಬಟ್ಟೆ ಬಿಚ್ಚಿ ಸ್ನಾನ ಮಾಡೋಕೆ ನಾನೇನು ಲಾರಿ ಕ್ಲೀನರಾ? ಮೇಲೂ ಶಿವನ ಗುಡಿ ಇದೆ. ಅಲ್ಲೇ ಮಾಡ್ತೀನಿ. ನಡಿ."

"ಅಲ್ಲೀತನಕ ನೀರು?"

"ಬೆಟ್ಟ ಹತ್ತೋಳು ನೀನು. ನಿನ್ನ ನೀರು ನೋಡ್ಕೋ."

ನಾನು ಅಲ್ಲಿ ರೊಟ್ಟಿ ತಿಂದೆ, ಅವರು ನೋಡಿದರು. ಬಿಸಿಲು ಆಗಲೇ ಏರಿತ್ತು.

ಏರಿನ ಮೊದಲ ಭಾಗ ಮೋಸದ್ದು. ಇಷ್ಟೇನಾ ಅನ್ನಿಸುತ್ತದೆ. ಮರಗಳ ನೆರಳು, ಒಂದು ತಿರುವು, ಇನ್ನೊಂದು ತಿರುವು, ಅಪ್ಪ ಹಿಂದಿನಿಂದ "ನಿಧಾನ, ನಿಧಾನ" ಅನ್ನುತ್ತಾ ಬರುತ್ತಿದ್ದರು. ಆಮೇಲೆ ರಸ್ತೆ ತಲೆ ಎತ್ತಿತು. ತೊಡೆ ಉರಿಯತೊಡಗಿತು, ಹ್ಯಾಂಡಲ್ ಕೈಯಲ್ಲಿ ಜಾರತೊಡಗಿತು, ನಾನು ಆ ಅಂಚು ಈ ಅಂಚು ಹೊಲಿಗೆ ಹಾಕುತ್ತಾ ನಡೆದೆ. ಕೋತಿಗಳು ಕಟ್ಟೆಯ ಮೇಲೆ ಸಾಲಾಗಿ ಕೂತು ನನ್ನ ರೊಟ್ಟಿ ಬುಟ್ಟಿಯನ್ನು ನೋಡುತ್ತಿದ್ದವು, ನಾನು ಕಾಲು ಊರುವುದನ್ನು ಅವೂ ಕಾಯುತ್ತಿದ್ದವು. ತುಳಿದಾಗಲೆಲ್ಲ ಮನಸ್ಸಿನಲ್ಲಿ ಒಂದು ಸಲ ಹಾವೇರಿ, ಒಂದು ಸಲ ಎಂ.ಎಸ್ಸಿ. ಎಡಗಾಲಿಗೆ ಹಾವೇರಿ, ಬಲಗಾಲಿಗೆ ಎಂ.ಎಸ್ಸಿ. ನಗಬೇಡಿ, ಅದರಿಂದ ನಿಜವಾಗಿಯೂ ಬಲ ಬಂತು.

ಬಹಳ ಹೊತ್ತಿನ ಮೇಲೆ ಹಿಂದಿನಿಂದ "ನಿಧಾನ" ಕೇಳಿಸುತ್ತಿಲ್ಲ ಎಂದು ಗಮನಕ್ಕೆ ಬಂತು. ಒಂದು ಅಗಲವಾದ ತಿರುವಿನಲ್ಲಿ ತಿರುಗಿ ನೋಡಿದೆ. ಕೆಳಗೆ, ತಿರುವು ಶುರುವಾಗುವಲ್ಲಿ, ಅಪ್ಪನ ಸೈಕಲ್ ಕಟ್ಟೆಗೆ ಒರಗಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು.

ಸೈಕಲ್ ತಿರುಗಿಸಿ ಕೆಳಗಿಳಿದೆ. ಅಪ್ಪನ ತುಟಿ ಬಿಳಿಚಿಕೊಂಡಿತ್ತು, ಕಣ್ಣು ಎಲ್ಲೋ ನೋಡುತ್ತಿತ್ತು. ನಾನು ಬ್ರೇಕ್ ಹಿಡಿದು ಕಾಲನ್ನು ಪೆಡಲಿನಿಂದ ತೆಗೆದೆ.

"ಇಳೀಬ್ಯಾಡ!"

ಆ ಕೂಗಿಗೆ ಕೋತಿಗಳು ಎದ್ದು ಓಡಿದವು. "ಇಳೀಬ್ಯಾಡ ಅಂದ್ನಿ! ಕಾಲು ಎತ್ತು! ತುಳಿ!"

ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಅದು ಹೆದರಿಕೆ. ಅವರ ಹೆದರಿಕೆಯನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಾಲು ತನ್ನಷ್ಟಕ್ಕೆ ಪೆಡಲಿಗೆ ವಾಪಸ್ ಹೋಯಿತು. ನಿಲ್ಲುವಂತಿಲ್ಲ, ಬಿಟ್ಟು ಹೋಗುವಂತಿಲ್ಲ, ಹಾಗಾಗಿ ಆ ತಿರುವಿನಲ್ಲೇ ಅವರ ಮುಂದೆ ಸುತ್ತು ಹಾಕತೊಡಗಿದೆ. ಅರ್ಧ ಸುತ್ತು ಇಳಿಜಾರು, ಅರ್ಧ ಸುತ್ತು ಏರು.

"ಬುಟ್ಟೀಲಿ ನೀರಿದೆ, ತಗೊಳ್ಳಿ," ಅಂದೆ ಹತ್ತಿರ ಬಂದಾಗ.

"ಪೂಜೆ ಆಗಿಲ್ಲ."

ಒಂದು ಸುತ್ತು ಹೋಗಿ ಬಂದೆ. "ಇಲ್ಲೇ ಮಾಡಿ."

"ಸ್ನಾನ ಆಗಿಲ್ಲ."

ಇನ್ನೊಂದು ಸುತ್ತು. ಅಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಅಪ್ಪನದೇ ರಕ್ತ ತಾನೇ. "ಅಂಗಿ ನೋಡ್ಕೊಳ್ಳಿ, ತಲೆಯಿಂದ ಕಾಲಿನ ತನಕ ಬೆವರಲ್ಲಿ ನೆಂದಿದೀರಿ. ಇದು ಸ್ನಾನ ಅಲ್ದೆ ಇನ್ನೇನು? ನಿಮ್ಮ ಶಿವ ಒಪ್ತಾನೆ. ನೀವು ಈಗ ಪೂಜೆ ಮಾಡಿ ನೀರು ಕುಡೀದಿದ್ರೆ, ನೋಡಿ, ನಾನು ಇಳಿದೇ ಇಳೀತೀನಿ. ಎರಡು ಕಾಲೂ ಊರ್ತೀನಿ. ಹಾವೇರಿಗೆ ಇವತ್ತೇ ಕಾಗದ ಬರೀರಿ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಮುಂದಿನ ಸುತ್ತಿನಲ್ಲಿ ಅವರ ಕೈ ಚಾಚಿತ್ತು, ನಾನು ಹತ್ತಿರ ಸವರಿಕೊಂಡು ಹೋದಾಗ ಬುಟ್ಟಿಯಿಂದ ಬಾಟಲಿ ಎತ್ತಿಕೊಂಡರು. ಕೈ, ಕಾಲು, ಮುಖ ತೊಳೆದರು. ಒಣಪಂಚೆಯನ್ನು ಕಟ್ಟೆಯ ಮೇಲೆ ಹಾಸಿ ಕೂತರು. ವಿಭೂತಿ ಹಚ್ಚಿಕೊಂಡು, ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಪೂಜೆ ಶುರುವಾಯಿತು. ನಾನು ಅಂದುಕೊಂಡಿದ್ದೆ, ಇಂಥ ಹೊತ್ತಿನಲ್ಲಾದರೂ ಸ್ವಲ್ಪ ಬೇಗ ಮುಗಿಸುತ್ತಾರೆ ಅಂತ. ಎಲ್ಲಿಯ ಮಾತು! ಅಮ್ಮನ ಒಗ್ಗರಣೆಯ ತನಕ ಎಷ್ಟು ಹೊತ್ತೋ ಅಷ್ಟೂ ಹೊತ್ತು. ಮೊದಮೊದಲು ಅವರ ಮುಖಕ್ಕೆ ಬಣ್ಣ ಮರಳುತ್ತಿದೆಯೇ ಎಂದು ಪ್ರತಿ ಸುತ್ತಿಗೂ ನೋಡುತ್ತಿದ್ದೆ. ಆಮೇಲೆ ನನ್ನ ಮುಖದ ಬಣ್ಣವೇ ಹೋಗತೊಡಗಿತು. ತಲೆ ಗಿರ್ರೆನ್ನುತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಒಂದು ಬಸ್ಸು ಬಂತು. ತಿರುವಿನಲ್ಲಿ ಕಣ್ಣು ಮುಚ್ಚಿ ಕೂತ ಒಬ್ಬ ಗಂಡಸು, ಅವನ ಮುಂದೆ ಕೆಂಪು ಅಂಚಿನ ಚೂಡಿದಾರದಲ್ಲಿ ಸೈಕಲ್ ಸುತ್ತುತ್ತಿರುವ ಹುಡುಗಿ. ಡ್ರೈವರ್ ಬಸ್ಸು ನಿಲ್ಲಿಸಿಯೇಬಿಟ್ಟ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ, "ಏನಮ್ಮಾ ಇದು? ಹರಕೆನಾ?"

"ಹೂಂ ಅಣ್ಣ, ಪ್ರದಕ್ಷಿಣೆ," ಅಂದೆ, ಏದುಸಿರಲ್ಲಿ. "ಹಾರ್ನ್ ಹೊಡೀಬೇಡಿ, ನಾನು ಅಂಚಿಗೆ ಬಂದಾಗ ಹೋಗ್ಬಿಡಿ."

"ಎಷ್ಟು ಸುತ್ತು ಹಾಕ್ಬೇಕು?"

"ಅವ್ರು ಕಣ್ಣು ಬಿಡೋ ತನಕ."

ಬಸ್ಸು ಉಸಿರು ಬಿಗಿಹಿಡಿದ ಹಾಗೆ ನಿಧಾನಕ್ಕೆ ದಾಟಿಕೊಂಡಿತು. ಕಿಟಕಿಯಲ್ಲಿದ್ದ ಒಬ್ಬ ಅಜ್ಜಿ ಅಪ್ಪನಿಗೆ ಕೈಮುಗಿದು, ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ಹಾಕಿದಳು. ಅದು ಠಣ್ಣೆಂದು ಬಂದು ಅಪ್ಪನ ಪಕ್ಕ ಬಿತ್ತು. ಅಪ್ಪ ಕಣ್ಣು ಬಿಡಲಿಲ್ಲ, ಮೀಸೆ ಮಾತ್ರ ಸ್ವಲ್ಪ ಅಲುಗಿತು.

ಕೊನೆಗೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಕಟ್ಟಿಕೊಂಡು, ಉಳಿದ ನೀರನ್ನು ಗಟಗಟನೆ ಕುಡಿದರು. ಎರಡು ರೊಟ್ಟಿ ತಿಂದರು. ಜೀವ ಬಂದ ಹಾಗಾಯಿತು, ಅವರಿಗೂ ನನಗೂ. ಮತ್ತೆ ಹತ್ತಲು ಅವರಿಂದ ಆಗಲಿಲ್ಲ. ಸೈಕಲ್ ತಳ್ಳಿಕೊಂಡು ನಡೆದರು. ನಾನು ಅವರ ಪಕ್ಕ ತುಳಿಯುತ್ತಾ ಹೋದೆ. ನಡೆಯುವವರಿಗಿಂತ ಜೋರಾಗಿ ಹೋಗುವ ಶಕ್ತಿ ನನಗೆ ಉಳಿದಿರಲಿಲ್ಲ. ಕಡಿದಾದ ಕಡೆ ಸೈಕಲ್ ನಿಂತೇಹೋಗುತ್ತಿತ್ತು, ವಾಲುತ್ತಿತ್ತು, ನಾನು ಸೀಟಿನಿಂದ ಎದ್ದು ಇಡೀ ಮೈಭಾರ ಹಾಕಿ ಇನ್ನೊಂದು ಸಲ ತುಳಿಯುತ್ತಿದ್ದೆ. ಅಪ್ಪ ಒಂದು ಸಲವೂ ನನ್ನ ಸೈಕಲ್ ಮುಟ್ಟಲಿಲ್ಲ. ಆದರೆ ನಾನು ವಾಲಿದ ಕಡೆಗೆಲ್ಲ ಅವರೂ ವಾಲುತ್ತಿದ್ದರು.

ಬೆಟ್ಟದ ತುದಿಯ ಕೋಟೆಯ ಬಾಗಿಲು ಬಂತು. ದಾಟಿದೆ. ನಿಲ್ಲಬಹುದು ಎಂದು ತಿಳಿದರೂ ಇಳಿಯಲು ಬರಲಿಲ್ಲ, ಕಾಲು ಮಡಚಿದಲ್ಲೇ ಗಟ್ಟಿಯಾಗಿತ್ತು. ಅಪ್ಪ ತಮ್ಮ ಸೈಕಲ್ಲನ್ನು ಅಲ್ಲೇ ನೆಲಕ್ಕೆ ಬಿಟ್ಟು ಓಡಿ ಬಂದು ನನ್ನ ಹ್ಯಾಂಡಲ್ ಹಿಡಿದರು. ನನ್ನನ್ನು ಭುಜದ ಮೇಲೆ ಒರಗಿಸಿಕೊಂಡು ಇಳಿಸಿ, ಒಂದು ಕಲ್ಲಿನ ಮೇಲೆ ಕೂರಿಸಿದರು. ನಾನು ಅತ್ತೆ. ಖುಷಿಗೋ ಸುಸ್ತಿಗೋ ನನಗೇ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಅಲ್ಲಪ್ಪಾ, ಆ ತಿರುವಲ್ಲಿ ಯಾರಿದ್ರು? ಒಂದು ಕಾಲು ಊರಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತು."

"ಗೊತ್ತಾದ್ರೆ? ನಿಜವಾಗ್ಲೂ ಹಾವೇರಿಗೆ ಹೂಂ ಅಂತಿದ್ರಾ?"

ಅಪ್ಪ ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು. "ಅಂತಿದ್ದೆ," ಅಂದರು. "ಅಂದ್ಬಿಡ್ತಿದ್ದೆ ಕಣೇ. ಅದಕ್ಕೇ ಆ ಮಾತು ಆಡಿದ ದಿನದಿಂದ ನನಗೆ ನಿದ್ದೆ ಇಲ್ಲ."

ಪಾಪ ಅನ್ನಿಸಿತು. ಅದರ ಹಿಂದೆಯೇ ಎಲ್ಲಿಲ್ಲದ ಕೋಪ ಬಂತು. ನನ್ನ ಓದು, ನನ್ನ ಮದುವೆ, ನನ್ನ ಕಾಲು, ಇವರದೇನು ಪಣ?

"ಇನ್ಮೇಲೆ ನನ್ನ ಬಗ್ಗೆ ಯಾರಿಗಾದ್ರೂ ಮಾತು ಕೊಡೋದಾದ್ರೆ, ಮೊದ್ಲು ನನ್ನ ಕೇಳಿ," ಅಂದೆ. ಅಪ್ಪನ ಹತ್ತಿರ ಆ ದನಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ.

ಅಪ್ಪ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಆಯ್ತು," ಅಂದರು. "ಮಾತು ಕೊಟ್ಟೆ."

ಎಂ.ಎಸ್ಸಿ.ಯ ಎರಡು ವರ್ಷ ನಾಯಂಡಹಳ್ಳಿಯ ಏರು ಹತ್ತಿ ಇಳಿದೆ. ಅದು ಏರು ಅಂತಲೂ ನನಗೆ ಅನ್ನಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ದೊಡ್ಡಪ್ಪ ಮತ್ತೆ ಬಂದರು. ಈ ಸಲ ರಾಣೆಬೆನ್ನೂರಿನ ಮನೆ, ಹುಡುಗ ಇಂಜಿನಿಯರು, ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ, ಇವತ್ತೇ ಒಂದು ಮಾತು ಹೇಳಬೇಕು. ಅಡುಗೆಮನೆಯಲ್ಲಿ ಅಮ್ಮ, ನಾನು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆವು. ಅಪ್ಪ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಅಣ್ಣನಿಗೆ ಹೇಳಿದರು: "ತಡಿ, ಅವಳನ್ನ ಕೇಳಿ ಹೇಳ್ತೀನಿ."